ಮಗಳ ಕಪ್ಪೆ ಬೊಂಡಾಸ್ ಪ್ರಾಜೆಕ್ಟ್: ಇಲ್ಲಿಯವರೆಗೆ ಆದದ್ದು

ಮಗಳ ಮೊದಲ ಸಂಶೋಧನಾ ಪ್ರಾಜೆಕ್ಟ್ ಅರ್ಧ ದಾರಿ ದಾಟಿದೆ. ಅವಳಿಗೆ ಎಂಟು ವರ್ಷ, ಓದು ಮನೆಯಲ್ಲೇ. ಸಮುದ್ರದ ಯಾವ ಪ್ರಾಣಿ ಬೇಕಾದರೂ ಆರಿಸಿಕೋ ಎಂದಿದ್ದೆ. ಆರಿಸಿದ್ದು ಕಪ್ಪೆ ಬೊಂಡಾಸ್, ಅಂದರೆ ಕಟಲ್‌ಫಿಶ್. ಕಾರಣ, ತಣ್ಣೀರುಬಾವಿ ಬೀಚಿನಲ್ಲಿ ಸಿಗುವ ಅದರ ಬಿಳಿ ಚಿಪ್ಪು. ಗಿಳಿ ಸಾಕುವವರು ಪಂಜರಕ್ಕೆ ಸಿಕ್ಕಿಸಿಡುತ್ತಾರಲ್ಲ, ಅದೇ. "ಇಷ್ಟು ಗಟ್ಟಿ ಇದೆ, ಮತ್ತೆ ಯಾಕೆ ತೇಲುತ್ತೆ?" ಅಂತ ಕೇಳಿದಳು. ನಾನು ಉತ್ತರ ಹೇಳಲಿಲ್ಲ. ಆ ಪ್ರಶ್ನೆಯೇ ನೋಟ್‌ಬುಕ್ಕಿನ ಮೊದಲ ಪುಟಕ್ಕೆ ಹೋಯಿತು.

ಚಿಪ್ಪು

ಜಾಸ್ತಿ ಹೊತ್ತು ಹೋದದ್ದು ಇದರ ಮೇಲೆಯೇ. ಒಂದು ಬದಿ ಗಟ್ಟಿ, ಇನ್ನೊಂದು ಬದಿ ಉಗುರಿನಲ್ಲಿ ಗೀರಿದರೂ ಪುಡಿ ಉದುರುತ್ತದೆ. ಅಡ್ಡ ಮುರಿದು ಲೆನ್ಸ್ ಹಿಡಿದೆವು. ಒಂದರ ಮೇಲೊಂದು ತೆಳು ಪದರಗಳು. ಎರಡು ಪದರಗಳ ನಡುವೆ ಸಣ್ಣ ಸಣ್ಣ ಅಡ್ಡಗೋಡೆಗಳು. ಉಳಿದದ್ದೆಲ್ಲ ಖಾಲಿ ಜಾಗ. ಅವಳು ಅದನ್ನು ಪುಟದ ತುಂಬ ದೊಡ್ಡದಾಗಿ ಬಿಡಿಸಿ "ಖಾಲಿ ಕೋಣೆ, ಅದಕ್ಕೇ ತೇಲುತ್ತೆ" ಎಂದು ಬರೆದಳು.

ಆಮೇಲಷ್ಟೇ ಓದಿದ್ದು. ಪ್ರಾಣಿ ಬದುಕಿರುವಾಗ ಆ ಕೋಣೆಗಳಲ್ಲಿ ಸ್ವಲ್ಪ ದ್ರವ, ಸ್ವಲ್ಪ ಅನಿಲ ಇರುತ್ತದೆ. ದ್ರವ ಹೊರಗೆಳೆದುಕೊಂಡರೆ ಮೈ ಹಗುರ, ಒಳಗೆ ಬಿಟ್ಟುಕೊಂಡರೆ ಭಾರ. ರೆಕ್ಕೆ ಬಡಿಯುತ್ತಲೇ ಇರಬೇಕಿಲ್ಲ, ನೀರಿನ ಮಧ್ಯೆ ಸುಮ್ನೆ ನಿಲ್ಲಬಹುದು. ಇನ್ನೊಂದು ವಿಷಯ ಅವಳಿಗೆ ತುಂಬಾ ಹಿಡಿಸಿತು: ಇದು ಮೀನೇ ಅಲ್ಲ, ಬಸವನಹುಳುವಿನ ಬಳಗ. ಚಿಪ್ಪನ್ನು ಹೊರಗೆ ಹೊರುವ ಬದಲು ಮೈಯೊಳಗೆ ಇಟ್ಟುಕೊಂಡಿದೆ, ಅಷ್ಟೇ.

ಒಂದು ತುಂಡನ್ನು ವಿನೆಗರ್‌ಗೆ ಹಾಕಿದೆವು. ತಕ್ಷಣ ಗುಳ್ಳೆ ಎದ್ದಿತು. ಚಿಪ್ಪಿನ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್, ಆಮ್ಲ ತಾಗಿದರೆ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಬೆಳಿಗ್ಗೆ ನೋಡಿದರೆ ಬಟ್ಟಲಲ್ಲಿ ಉಳಿದದ್ದು ಮೆತ್ತಗಿನ ತೆಳು ಪೊರೆಗಳು ಮಾತ್ರ. ಅದು ಕೈಟಿನ್, ಸಿಗಡಿಯ ಸಿಪ್ಪೆಯಲ್ಲೂ ಇರುವ ವಸ್ತು. ಪೊರೆಯನ್ನು ಬೆರಳ ಮೇಲೆ ಹರಡಿಕೊಂಡು ಅವಳು ಎಷ್ಟು ಹೊತ್ತು ನೋಡಿದಳೋ!

ಮರದ ಉಂಗುರಗಳ ಹಾಗೆ ಪದರ ಎಣಿಸಿ ವಯಸ್ಸು ಹೇಳಬಹುದು ಅನ್ನುವುದು ಅವಳ ಸ್ವಂತ ಊಹೆ. ಓದುತ್ತಾ ಹೋದಂತೆ ಗೊತ್ತಾಯಿತು, ಆಹಾರ ಮತ್ತು ನೀರಿನ ಬಿಸಿ ಬದಲಾದರೆ ಪದರ ಬೆಳೆಯುವ ಲೆಕ್ಕವೂ ಬದಲಾಗುತ್ತದೆ. ಊಹೆಯನ್ನು ಅಳಿಸಲು ನಾನು ಬಿಡಲಿಲ್ಲ. ಪಕ್ಕದಲ್ಲೇ ಹೊಸ ಮಾಹಿತಿ ಬರೆಸಿದೆ. ಮುಂದೆ ಓದುವಾಗ ತಾನು ಹೇಗೆ ಯೋಚಿಸಿದ್ದೆ ಅಂತ ಅವಳಿಗೆ ಕಾಣಬೇಕು.

ದಕ್ಕೆಯಿಂದ ತಂದದ್ದು

ಮಂಗಳೂರಿನ ದಕ್ಕೆಯಿಂದ, ಅಂದರೆ ಮೀನುಗಾರಿಕೆ ಬಂದರಿನಿಂದ, ತಾಜಾ ಬೊಂಡಾಸ್ ತಂದು ಅಡುಗೆಮನೆಯಲ್ಲಿ ಕತ್ತರಿಸಿ ನೋಡಿದೆವು. ಎಂಟು ತೋಳು, ಎರಡು ಉದ್ದ ಬಳ್ಳಿ, ನಡುವೆ ಗಿಳಿಯ ಕೊಕ್ಕಿನಂಥ ಬಾಯಿ. ಕೆಂಪು ರಕ್ತ ಒಂದು ಹನಿಯೂ ಇಲ್ಲ. ಇದರ ರಕ್ತದಲ್ಲಿ ಆಮ್ಲಜನಕ ಹೊರುವುದು ತಾಮ್ರ ಇರುವ ಹೀಮೊಸಯಾನಿನ್, ಆಮ್ಲಜನಕ ಸೇರಿದಾಗ ಬಣ್ಣ ನೀಲಿ. ಹೃದಯ ಮೂರು. ಕಿವಿರುಗಳ ಬುಡದಲ್ಲಿರುವ ಎರಡು ಸುಲಭವಾಗಿ ಸಿಕ್ಕವು. ನಡುವಿನದಕ್ಕೆ ಹುಡುಕಾಟ ಬೇಕಾಯಿತು. ಶಾಯಿ ಚೀಲ ಒಡೆಯದೆ ತೆಗೆದು, ನೀರು ಬೆರೆಸಿ, ಅದರಲ್ಲೇ ಪ್ರಾಜೆಕ್ಟಿನ ಹೆಸರು ಬರೆದಿದ್ದಾಳೆ. ಒಣಗಿದ ಮೇಲೆ ಕಂದು ಬಣ್ಣ.

ಚರ್ಮಕ್ಕೆ ಲೆನ್ಸ್ ಹಿಡಿದರೆ ಕಂದು ಚುಕ್ಕೆಗಳು. ಒಂದೊಂದೂ ಬಣ್ಣದ ಚೀಲ. ಸುತ್ತಲಿನ ಸ್ನಾಯು ಎಳೆದರೆ ಚುಕ್ಕೆ ಹರಡುತ್ತದೆ, ಬಿಟ್ಟರೆ ಕುಗ್ಗುತ್ತದೆ. ಕ್ಷಣದಲ್ಲಿ ಮೈಬಣ್ಣ ಬದಲಾಗುವುದು ಹೀಗೆ.

ಈಗ ಓದುತ್ತಿರುವುದು

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಟ್ರಾಲ್ ಬೋಟ್‌ಗಳಿಗೆ (ಬಲೆ ಎಳೆಯುತ್ತಾ ಹೋಗುವ ಯಾಂತ್ರಿಕ ದೋಣಿಗಳು) ನಿಷೇಧ. ತಾಜಾ ಬೊಂಡಾಸ್ ಸಿಗುವುದು ಕಷ್ಟ, ಹಾಗಾಗಿ ಇದು ಓದುವ ಕಾಲ. 2020ರಲ್ಲಿ ಅಮೆರಿಕದ ವಿಜ್ಞಾನಿಗಳು ಕಟಲ್‌ಫಿಶ್‌ಗೆ ತ್ರೀಡಿ ಕನ್ನಡಕ ಹಾಕಿ, ಪರದೆಯ ಮೇಲೆ ಸಿಗಡಿ ತೋರಿಸಿದರು. ಚಿತ್ರ ಎಷ್ಟು ದೂರದಲ್ಲಿದ್ದಂತೆ ಕಾಣುತ್ತದೋ ಅದಕ್ಕೆ ತಕ್ಕಂತೆ ಅವು ಹಿಂದೆ ಮುಂದೆ ಸರಿದು ದಾಳಿ ಮಾಡಿದವು. ಎರಡೂ ಕಣ್ಣು ಸೇರಿಸಿ ದೂರ ಅಳೆಯುತ್ತವೆ ಎಂದು ಹೀಗೆ ಗೊತ್ತಾಯಿತು. 2021ರ ಇನ್ನೊಂದು ಪ್ರಯೋಗದಲ್ಲಿ, ಇಷ್ಟದ ಸಿಗಡಿ ಸಿಗುತ್ತದೆ ಎಂದು ಎದುರಿಗಿದ್ದ ತಿಂಡಿ ಬಿಟ್ಟು ಕಾದವು. ಕೆಲವು ಎರಡು ನಿಮಿಷದ ಆಸುಪಾಸು! ಮಗಳು ತಮ್ಮನ ಮುಂದೆ ಚಕ್ಕುಲಿ ಇಟ್ಟು ಇದನ್ನೇ ಮಾಡಿ ನೋಡಿದ್ದಾಳೆ.

ಅವಳು ಬಿಡದೆ ಹಿಡಿದಿರುವ ಪ್ರಶ್ನೆ ಒಂದಿದೆ. ಇದರ ಕಣ್ಣಿನಲ್ಲಿ ಬೆಳಕು ಹಿಡಿಯುವ ವರ್ಣಕ ಒಂದೇ ಬಗೆಯದು, ಅಂದರೆ ಬಣ್ಣಗುರುಡು. ಆದರೂ ಸುತ್ತಲಿನ ಬಣ್ಣಕ್ಕೆ ಹೊಂದಿಕೊಳ್ಳುತ್ತದೆ. ಹೇಗೆ? ವಿಜ್ಞಾನಿಗಳೂ ಇನ್ನೂ ಚರ್ಚೆ ಮಾಡುತ್ತಿದ್ದಾರೆ ಎಂದಾಗ ಅವಳ ಖುಷಿ ನೋಡಬೇಕಿತ್ತು. ಈ ಪುಟ ಸದ್ಯಕ್ಕೆ ಖಾಲಿ ಇರುತ್ತದೆ.

ಆಗಸ್ಟ್‌ಗೆ

ಬೋಟುಗಳು ಇಳಿದ ಮೇಲೆ ಮತ್ತೆ ದಕ್ಕೆಗೆ ಹೋಗುತ್ತೇವೆ. ಬೇರೆ ಬೇರೆ ಗಾತ್ರದ ಬೊಂಡಾಸ್ ಅಳೆದು, ಮೈ ಉದ್ದ ಮತ್ತು ಚಿಪ್ಪಿನ ಉದ್ದದ ಗ್ರಾಫ್ ಹಾಕಬೇಕು. ತೆಂಗಿನ ಹೊಂಬಾಳೆ ಕಟ್ಟಿ ಸಮುದ್ರಕ್ಕೆ ಇಳಿಸಿ ಬೊಂಡಾಸ್ ಸೇರಿಸುವ ಪದ್ಧತಿ ನಮ್ಮ ಕರಾವಳಿಯಲ್ಲಿದೆ. ಮೊಟ್ಟೆ ಇಡಲು ಅಲ್ಲಿಗೆ ಬಂದವು ಸಿಕ್ಕಿಬೀಳುತ್ತವೆ. "ಮೊಟ್ಟೆ ಇಡೋಕೆ ಮುಂಚೆ ಹಿಡಿದ್ರೆ ಮುಂದಿನ ವರ್ಷಕ್ಕೆ?" ಎಂದು ಮೀನುಗಾರರನ್ನೇ ಕೇಳಬೇಕಂತೆ. ಪ್ರಶ್ನೆಗಳ ಪಟ್ಟಿ ಬರೆಯಲು ಶುರು ಮಾಡಿದ್ದಾಳೆ.