ಸೋಲಾರ್ ಹಾಕಿಸಿದರೆ ದುಡ್ಡು ವಾಪಸ್ ಬರುತ್ತದಾ?

ನಮ್ಮ ತಾರಸಿಯ ಮೇಲೆ ಪ್ಯಾನೆಲ್ ಏರಿದ ದಿನದಿಂದ, ಎಲ್ಲೇ ಸಿಕ್ಕರೂ ಜನ ಕೇಳುವುದು ಒಂದೇ ಪ್ರಶ್ನೆ: "ಸೋಲಾರ್ ಹಾಕಿಸಿದ್ದೀರಂತಲ್ಲ, ಹಾಕಿದ ದುಡ್ಡು ವಾಪಸ್ ಬರುತ್ತಾ? ನಾವೂ ಹಾಕಿಸಬಹುದಾ?" ನಾನು ತಿರುಗಿ ಕೇಳುತ್ತೇನೆ: "ಹಗಲು ಹನ್ನೊಂದು ಗಂಟೆಗೆ ನಿಮ್ಮ ಮನೆಯಲ್ಲಿ ಯಾರಿರುತ್ತಾರೆ?"

ಮನೆ ದೋಚಲು ಹೊಂಚು ಹಾಕುವವನನ್ನು ನೋಡುವ ಹಾಗೆ ನೋಡುತ್ತಾರೆ. ಆದರೆ ಲೆಕ್ಕ ಶುರುವಾಗುವುದೇ ಅಲ್ಲಿಂದ. ಪ್ಯಾನೆಲ್ ಎಷ್ಟು ಯೂನಿಟ್ ಹುಟ್ಟಿಸುತ್ತದೆ ಎನ್ನುವುದನ್ನು ಮಾರುವವರೇ ಬಾಯಿಪಾಠ ಒಪ್ಪಿಸುತ್ತಾರೆ. ಆ ಯೂನಿಟ್ಟು ನಿಮ್ಮ ಬಿಲ್ಲಿನಲ್ಲಿ ಏನನ್ನು ಅಳಿಸುತ್ತದೆ ಎನ್ನುವುದನ್ನು ಮಾತ್ರ ನೀವೇ ಹುಡುಕಿಕೊಳ್ಳಬೇಕು.

ಎರಡು ಮನೆ ಇಟ್ಟುಕೊಳ್ಳಿ. ಎರಡರ ಮೇಲೂ ಅದೇ 3 ಕಿಲೋವ್ಯಾಟ್ ಪ್ಯಾನೆಲ್, ಅದೇ ಬಿಸಿಲು, ದಿನಕ್ಕೆ 12 ಯೂನಿಟ್. ಮೊದಲನೆಯದರಲ್ಲಿ ಹಗಲೆಲ್ಲ ಜನ ಇರುತ್ತಾರೆ. ಫ್ಯಾನು, ಫ್ರಿಜ್ಜು, ಕಂಪ್ಯೂಟರು, ನೀರೆತ್ತುವ ಮೋಟಾರು ಸೇರಿ 8 ಯೂನಿಟ್ ಅಲ್ಲೇ ಖರ್ಚಾಗುತ್ತದೆ, 4 ಗ್ರಿಡ್ಡಿಗೆ, ಅಂದರೆ ಊರಿನ ಕರೆಂಟು ಜಾಲಕ್ಕೆ ಹೋಗುತ್ತದೆ. ಎರಡನೆಯದಕ್ಕೆ ಬೆಳಿಗ್ಗೆ ಎಂಟಕ್ಕೆ ಬೀಗ ಬಿದ್ದರೆ ತೆಗೆಯುವುದು ಸಂಜೆ ಏಳಕ್ಕೆ. ಅಲ್ಲಿ ಸ್ವಂತಕ್ಕೆ 3 ಯೂನಿಟ್, ಹೊರಗೆ 9. ಈಗ ಕರೆಂಟು ಕಂಪನಿಯವರು ನಿಮ್ಮಿಂದ ಕೊಳ್ಳುವ ಯೂನಿಟ್ಟಿಗೆ, ನಿಮಗೆ ಮಾರುವ ದರದ ಮೂರನೇ ಒಂದು ಭಾಗ ಮಾತ್ರ ಕೊಡುತ್ತಾರೆ ಎನ್ನೋಣ. ಮೊದಲ ಮನೆಗೆ ದಿನಕ್ಕೆ ಉಳಿಯುವುದು ಒಂಬತ್ತೂ ಚಿಲ್ಲರೆ ಯೂನಿಟ್ಟಿನ ಬೆಲೆ, ಎರಡನೆಯದಕ್ಕೆ ಆರು ಯೂನಿಟ್ಟಿನದು. ಮೊದಲನೆಯವರಿಗೆ ಆರು ವರ್ಷದಲ್ಲಿ ಹಾಕಿದ ಗಂಟು ವಾಪಸ್ ಬಂದರೆ, ಎರಡನೆಯವರಿಗೆ ಒಂಬತ್ತು ದಾಟುತ್ತದೆ.

ಇದೇ ಊಹೆಯನ್ನು ನೆಟ್ ಮೀಟರಿಂಗ್ ಇರುವ ಕಡೆಗೆ ಒಯ್ಯಿರಿ. ಅಲ್ಲಿ ಹೊರಗೆ ಹೋದ ಯೂನಿಟ್ಟನ್ನು ಒಳಗೆ ಬಂದ ಯೂನಿಟ್ಟಿನಿಂದ ಸೀದಾ ಕಳೆಯುತ್ತಾರೆ. ಬೀಗ ಹಾಕಿಕೊಂಡು ಹೋದರೂ ಒಂದೇ, ಮನೆಯಲ್ಲಿದ್ದರೂ ಒಂದೇ. ಇಬ್ಬರಿಗೂ ಐದು ವರ್ಷದೊಳಗೆ ಮುಗಿಯಿತು. ಪ್ಯಾನೆಲ್ಲೂ ಬದಲಾಗಲಿಲ್ಲ, ಸೂರ್ಯನೂ ಬದಲಾಗಲಿಲ್ಲ.

ನಿಯಮದ ಕೈ ಎಷ್ಟು ಉದ್ದ ಎಂಬುದಕ್ಕೆ ಜರ್ಮನಿಯನ್ನು ನೋಡಬೇಕು. ಬಿಸಿಲಿಗೆ ಹೆಸರಾದ ದೇಶವೇನಲ್ಲ, 1 ಕಿಲೋವ್ಯಾಟ್ ಪ್ಯಾನೆಲ್ ಅಲ್ಲಿ ವರ್ಷಕ್ಕೆ ಸುಮಾರು 1000 ಯೂನಿಟ್ ಕೊಟ್ಟರೆ ದೊಡ್ಡದು. ಆದರೂ 2000ದಲ್ಲಿ ಬಂದ ಕಾನೂನು ಗ್ರಿಡ್ಡಿಗೆ ಕೊಟ್ಟ ಕರೆಂಟಿಗೆ 20 ವರ್ಷ ನಿಗದಿತ ದರ ಕೊಡುವ ಖಾತ್ರಿ ಮಾಡಿತು. ಮನೆಮನೆಯ ಮೇಲೆ ಪ್ಯಾನೆಲ್ ಎದ್ದವು. ಬಿಸಿಲು ಧಾರಾಳವಾಗಿರುವ ಕ್ಯಾಲಿಫೋರ್ನಿಯಾದಲ್ಲಿ 2023ರ ಏಪ್ರಿಲ್‌ನಲ್ಲಿ ಹೊಸ ಗ್ರಾಹಕರಿಗೆ ಹೊರಗೆ ಕಳಿಸುವ ಯೂನಿಟ್ಟಿನ ಬೆಲೆಯನ್ನು ಸುಮಾರು ಮುಕ್ಕಾಲು ಪಾಲು ಇಳಿಸಿದರು, ಹೊಸದಾಗಿ ಹಾಕಿಸುವವರ ಲೆಕ್ಕವೆಲ್ಲ ತಲೆಕೆಳಗಾಯಿತು. ಹಾಗಾಗಿ ನಿಮ್ಮ ಕಡೆಯ ನಿಯಮ ಏನು, ಒಮ್ಮೆ ಒಪ್ಪಂದವಾದರೆ ಅದು ಎಷ್ಟು ವರ್ಷ ಅಲುಗುವುದಿಲ್ಲ ಎನ್ನುವುದನ್ನು ಬರಹದಲ್ಲಿ ನೋಡದೆ ಮುಂಗಡ ಕೊಡಬೇಡಿ. ದರ ಹಂತಹಂತವಾಗಿ ಏರುವ ಕಡೆ ಇನ್ನೊಂದು ಸೂಕ್ಷ್ಮವಿದೆ. ಸೋಲಾರ್ ಮೊದಲು ಕತ್ತರಿಸುವುದು ಮೇಲಿನ, ದುಬಾರಿ ಹಂತದ ಯೂನಿಟ್ಟುಗಳನ್ನು. ಬಿಲ್ ಜಾಸ್ತಿ ಬರುವವರಿಗೆ ಲಾಭ ಬೇಗ ಕಾಣುವುದು ಅದಕ್ಕೇ. ಕಡಿಮೆ ಬಿಲ್ಲಿನವರು ಅಗ್ಗದ ಯೂನಿಟ್ಟು ಉಳಿಸಲು ದುಬಾರಿ ಸಾಮಾನು ಕೊಂಡಂತಾಗುತ್ತದೆ.

ಇನ್ನು ತಾರಸಿಗೆ ಬರೋಣ. ನಾನು ಮೂರ್ಖನಾದದ್ದು ಇಲ್ಲಿ. ಪ್ಯಾನೆಲ್ ಎಲ್ಲಿ ಕೂರಬೇಕು ಎಂದು ಗೊತ್ತುಮಾಡಲು ಒಂದಿಡೀ ದಿನ ಗಂಟೆಗೊಮ್ಮೆ ಮೇಲೆ ಹತ್ತಿ, ನೀರಿನ ಟ್ಯಾಂಕಿನ ನೆರಳಿನ ಅಂಚಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಸಂಜೆ ಹೊತ್ತಿಗೆ ನೆಲದ ಮೇಲೆ ಬೀಸಣಿಗೆ ಬಿಚ್ಚಿದಂಥ ಚಿತ್ರ. ಆ ಗೆರೆಗಳಿಂದ ಒಂದಡಿ ಬಿಟ್ಟು ಪ್ಯಾನೆಲ್ ಕೂರಿಸಿ ಬೀಗಿದೆ. ಆದರೆ ಗೆರೆ ಎಳೆದದ್ದು ನಡುಬೇಸಿಗೆಯಲ್ಲಿ! ಚಳಿಗಾಲಕ್ಕೆ ಸೂರ್ಯ ಕೆಳಗಿಳಿದ, ನೆರಳು ಉದ್ದವಾಯಿತು, ಮಧ್ಯಾಹ್ನ ಮೂರಕ್ಕೆ ಟ್ಯಾಂಕು ತನ್ನ ಕಪ್ಪು ಮೊಣಕೈಯನ್ನು ಕೊನೆಯ ಪ್ಯಾನೆಲ್ಲಿನ ಮೂಲೆಗೆ ಊರತೊಡಗಿತು.

ಮೂಲೆ ತಾನೇ ಅನ್ನಬೇಡಿ. ಪ್ಯಾನೆಲ್ಲಿನಲ್ಲಿ ಕರೆಂಟು ಹುಟ್ಟಿಸುವ ಸಣ್ಣ ಬಿಲ್ಲೆಗಳನ್ನು (ಸೆಲ್) ಸರಪಳಿಯಂತೆ ಒಂದರ ಹಿಂದೊಂದು ಜೋಡಿಸಿರುತ್ತಾರೆ. ಒಂದು ಬಿಲ್ಲೆ ನೆರಳಿಗೆ ಸಿಕ್ಕರೆ ಅದೇ ಸಾಲಿನ ಉಳಿದವುಗಳ ಕರೆಂಟಿಗೂ ಅಡ್ಡಗಾಲು. ಆ ಸಾಲನ್ನು ಬದಿಗಿಟ್ಟು ಹರಿಯಲಿ ಎಂದು ಬೈಪಾಸ್ ಡಯೋಡ್ ಇಟ್ಟಿರುತ್ತಾರೆ, ಸಾಮಾನ್ಯವಾಗಿ ಪ್ಯಾನೆಲ್ಲಿಗೆ ಮೂರು. ಅಂದರೆ ಅಂಗೈಯಗಲದ ನೆರಳು ಬಿದ್ದ ಕಡೆ ಪ್ಯಾನೆಲ್ಲಿನ ಮೂರನೇ ಒಂದು ಭಾಗವೇ ಮಲಗಬಹುದು. ಕಾಗೆಯ ಹಿಕ್ಕೆ ಒಣಗಿ ಅಂಟಿಕೊಂಡರೂ ಅದೇ ಕಥೆ. ಮರ, ಪಕ್ಕದ ಎತ್ತರದ ಕಟ್ಟಡ ಇದ್ದವರು ಇದನ್ನು ಗಂಭೀರವಾಗಿ ತೆಗೆದುಕೊಳ್ಳಿ, ಗೆರೆಯನ್ನು ಚಳಿಗಾಲದಲ್ಲೇ ಎಳೆಯಿರಿ.

ಬಿಸಿಲು ಸುಡುತ್ತಿದ್ದರೆ ಕರೆಂಟು ಜಾಸ್ತಿ ಎಂಬ ನಂಬಿಕೆಯೂ ಸರಿಯಲ್ಲ. ಪ್ಯಾನೆಲ್ಲಿಗೆ ಬೇಕಾದದ್ದು ಬೆಳಕು, ಶಾಖ ಅಲ್ಲ. ಅದರ ಮೇಲೆ ಅಚ್ಚಾದ ಸಾಮರ್ಥ್ಯ ಬಿಲ್ಲೆ 25 ಡಿಗ್ರಿಯಲ್ಲಿದ್ದಾಗ ಅಳೆದದ್ದು. ಉರಿಬಿಸಿಲಲ್ಲಿ ಬಿಲ್ಲೆ 60 ಡಿಗ್ರಿ ದಾಟುತ್ತದೆ, ಪ್ರತಿ ಡಿಗ್ರಿಗೆ ಶೇ 0.3ರಿಂದ 0.4ರಷ್ಟು ಕುಸಿಯುತ್ತದೆ, ಹತ್ತರಲ್ಲೊಂದು ಪಾಲಿಗಿಂತ ಹೆಚ್ಚು ಅಲ್ಲೇ ಆವಿ. ಆದ್ದರಿಂದ ತಾರಸಿಗೂ ಪ್ಯಾನೆಲ್ಲಿಗೂ ನಡುವೆ ಗಾಳಿ ಆಡಲು ಜಾಗ ಬಿಡಬೇಕು.

ಈಗ ಎಲ್ಲರೂ ಬೇಜಾರಾಗುವ ವಿಷಯ. ಹಾಕಿಸಿದ ಎರಡನೇ ವಾರ, ಮಟಮಟ ಮಧ್ಯಾಹ್ನ, ಆಕಾಶದಲ್ಲಿ ಒಂದು ಮೋಡವಿಲ್ಲ, ಕರೆಂಟು ಹೋಯಿತು. ನಮ್ಮ ಫ್ಯಾನೂ ನಿಂತಿತು. ಪಕ್ಕದ ಮನೆಯವರು ಕಾಂಪೌಂಡಿನ ಆಚೆಯಿಂದ "ಏನ್ ಸಾರ್, ಸೂರ್ಯನೂ ಕೈಕೊಟ್ಟನಾ?" ಎಂದರು. ಪ್ಯಾನೆಲ್ಲಿನ ಕರೆಂಟನ್ನು ಮನೆಗೆ ಒಗ್ಗುವ ಕರೆಂಟಾಗಿಸುವ ಪೆಟ್ಟಿಗೆಯೇ ಇನ್ವರ್ಟರ್. ಗ್ರಿಡ್ಡಿಗೆ ಜೋಡಿಸಿದ ಸಾಮಾನ್ಯ ಇನ್ವರ್ಟರ್ ಗ್ರಿಡ್ ಸತ್ತ ಕೂಡಲೇ ತಾನೂ ನಿಲ್ಲುತ್ತದೆ. ನಿಲ್ಲಲೇಬೇಕು, ಇಲ್ಲದಿದ್ದರೆ ಲೈನ್ ಸತ್ತಿದೆ ಎಂದುಕೊಂಡು ಕಂಬ ಹತ್ತಿದ ಲೈನ್‌ಮನ್‌ಗೆ ನಮ್ಮ ತಾರಸಿಯ ಕರೆಂಟು ಹೊಡೆಯುತ್ತದೆ. ಕರೆಂಟು ಹೋದಾಗಲೂ ದೀಪ ಬೇಕು ಎಂದರೆ ಬ್ಯಾಟರಿ, ಅದಕ್ಕೆ ಹೊಂದುವ ಹೈಬ್ರಿಡ್ ಇನ್ವರ್ಟರ್ ಬೇಕು. ಬ್ಯಾಟರಿಯ ಲೆಕ್ಕವೇ ಬೇರೆ. ಅದರ ಬೆಲೆಯನ್ನು, ಆಯುಷ್ಯದಲ್ಲಿ ಒಟ್ಟು ಎಷ್ಟು ಯೂನಿಟ್ ತುಂಬಿ ಬಿಡುತ್ತದೆ ಎನ್ನುವುದರಿಂದ ಭಾಗಿಸಿ. ಬಂದ ಮೊತ್ತ, ಕೊಳ್ಳುವ ದರಕ್ಕೂ ಮಾರುವ ದರಕ್ಕೂ ಇರುವ ಅಂತರಕ್ಕಿಂತ ಜಾಸ್ತಿಯಾದರೆ ಬ್ಯಾಟರಿ ನೆಮ್ಮದಿಗೆ, ಲಾಭಕ್ಕಲ್ಲ. ನೆಮ್ಮದಿಗೆ ದುಡ್ಡು ಕೊಡುವುದು ತಪ್ಪೇನಲ್ಲ, ಅದನ್ನು ಹೂಡಿಕೆ ಎಂದು ಕರೆಯದಿದ್ದರಾಯಿತು.

ಬ್ಯಾಂಕಿನಲ್ಲಿಟ್ಟರೆ ಒಳ್ಳೆಯದಾ ಎಂದು ಕೇಳುವವರಿಗೆ: "ಎಂಟು ವರ್ಷಕ್ಕೆ ವಾಪಸ್, ಅಂದರೆ ವರ್ಷಕ್ಕೆ ಹನ್ನೆರಡೂವರೆ ಬಡ್ಡಿ" ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬ್ಯಾಂಕಿನಲ್ಲಿ ಅಸಲು ಕೊನೆಗೆ ಕೈಗೆ ಬರುತ್ತದೆ; ಇಲ್ಲಿ ಅಸಲೂ ಆ ಉಳಿತಾಯದಲ್ಲೇ ಕರಗಿ ಬರುತ್ತಿರುತ್ತದೆ. ಎಂಟು ವರ್ಷಕ್ಕೆ ವಾಪಸ್ ಬಂದು 25 ವರ್ಷ ಬಾಳಿದರೆ, ವರ್ಷಕ್ಕೆ ಶೇ 0.5ರ ಸವಕಳಿ, ನಡುವೆ ಒಮ್ಮೆ ಇನ್ವರ್ಟರ್ ಬದಲಾವಣೆ ಎಲ್ಲ ಸೇರಿ ಶೇ 10ರ ಆಸುಪಾಸಿನ ಬಡ್ಡಿಗೆ ಸಮ. ಹನ್ನೆರಡು ವರ್ಷ ಹಿಡಿದರೆ ಶೇ 6 ದಾಟುವುದು ಕಷ್ಟ. ಶೇ 9ಕ್ಕೆ ಸಾಲ ತಂದು ಆ ಎರಡನೆಯದನ್ನು ಮಾಡಿದರೆ ಬಿಸಿಲಲ್ಲೂ ನಷ್ಟವೇ. ಇನ್ವರ್ಟರಿನ ಆಯುಷ್ಯ ಸಾಮಾನ್ಯವಾಗಿ 10ರಿಂದ 15 ವರ್ಷ, ಮಾರುವವರ ಪಟ್ಟಿಯಲ್ಲಿ ಆ ಖರ್ಚು ಎಷ್ಟೋ ಸಲ ಇರುವುದೇ ಇಲ್ಲ. ಕರೆಂಟಿನ ದರ ವರ್ಷವರ್ಷ ಇಷ್ಟು ಏರುತ್ತದೆ ಎಂದು ಅವರು ಊಹಿಸಿರುತ್ತಾರಲ್ಲ, ಆ ಅಂಕಿಯನ್ನು ಸೊನ್ನೆ ಮಾಡಿಸಿ ಮತ್ತೆ ಲೆಕ್ಕ ಹಾಕಲು ಹೇಳಿ. ಆಗಲೂ ಸರಿಹೋದರೆ ಮುಂದುವರಿಯಿರಿ.

"ಇನ್ನೂ ಒಳ್ಳೆಯ ಪ್ಯಾನೆಲ್ ಬರಲಿ, ಕಾಯೋಣ" ಎನ್ನುವವರೂ ಇದ್ದಾರೆ. 1954ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್ ಎಂಬ ಸಂಶೋಧನಾಲಯ ತೋರಿಸಿದ ಸಿಲಿಕಾನ್ ಬಿಲ್ಲೆ ಬಿಸಿಲಿನ ಶೇ 6ರಷ್ಟನ್ನು ಕರೆಂಟಾಗಿಸುತ್ತಿತ್ತು. ಈಗಿನ ಒಳ್ಳೆಯ ಪ್ಯಾನೆಲ್ ಶೇ 20ರಿಂದ 23. ಬರೀ ಸಿಲಿಕಾನಿನ ಸೈದ್ಧಾಂತಿಕ ಮಿತಿ ಶೇ 29ರ ಸುತ್ತ. ಇನ್ನೆರಡು ವರ್ಷಕ್ಕೆ ಪವಾಡವೇನೂ ಕಾದಿಲ್ಲ. ಒಟ್ಟು ಖರ್ಚಿನಲ್ಲಿ ಪ್ಯಾನೆಲ್ಲಿನದು ಈಗ ಒಂದು ಪಾಲು ಮಾತ್ರ; ಕಬ್ಬಿಣದ ಚೌಕಟ್ಟು, ವೈರಿಂಗ್, ಕೂಲಿ ಅಗ್ಗವಾಗುವ ಲಕ್ಷಣವಿಲ್ಲ.

ಕಳೆದ ತಿಂಗಳು ತಂಗಿ ಫೋನ್ ಮಾಡಿದಳು. "ಅಣ್ಣಾ, ನಾವೂ ಹಾಕಿಸ್ತೀವಿ ಕಣೋ, ಕೊಟೇಶನ್ ಬಂದಿದೆ." ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು, ಅವರ ಕಡೆ ಹೊರಗೆ ಕಳಿಸಿದ ಯೂನಿಟ್ಟಿಗೆ ಪುಡಿಗಾಸು, ಮೇಲಾಗಿ ತಾರಸಿ ಮಳೆಗಾಲದಲ್ಲಿ ಜಿನುಗುತ್ತದೆ. ಜಿನುಗುವ ತಾರಸಿಗೆ ಮೊದಲು ದುರಸ್ತಿ. ಪ್ಯಾನೆಲ್ ಕೂರಿಸಿದ ಮೇಲೆ ಅದನ್ನೆಲ್ಲ ಬಿಚ್ಚಿ ಮತ್ತೆ ಕೂರಿಸುವ ಕೂಲಿ ಯಾರಪ್ಪನ ಮನೆಯದು? "ಈಗ ಬೇಡ" ಎಂದೆ.

"ನಿಮ್ಮನೇಲಿ ಯಾಕೆ ಹಾಕಿಸಿಕೊಂಡೆ ಮತ್ತೆ?"

"ನಾವು ಹಗಲೆಲ್ಲ ಮನೇಲೇ ಇರ್ತೀವಲ್ಲೇ. ಬಟ್ಟೆ ಮಷಿನ್ನು, ಮೋಟಾರು ಎಲ್ಲ ಹನ್ನೊಂದು ಗಂಟೆಗೇ ಹಾಕೋದು. ಒಂದು ಕೆಲಸ ಮಾಡು. ಒಂದು ವಾರ ಬೆಳಿಗ್ಗೆ ಹೊರಡುವಾಗ ಒಮ್ಮೆ, ಬಂದ ಮೇಲೆ ಒಮ್ಮೆ ಮೀಟರ್ ಓದಿ ಬರೆದಿಡು. ಎರಡರ ನಡುವಿನದು ಎಷ್ಟು ಅಂತ ಹೇಳು."

ಎಂಟನೇ ದಿನ ಚೀಟಿಯ ಫೋಟೊ ಬಂತು. ಏಳು ಸಾಲು, ದಿನಕ್ಕೆ ಎರಡು ಯೂನಿಟ್ಟಿನ ಮೇಲೆ ಒಂದೂ ಇಲ್ಲ. ಭಾನುವಾರ ಮಾತ್ರ ಏಳು. ಅದರ ಕೆಳಗೆ ಅವಳೇ ಬರೆದಿದ್ದಳು: "ತಾರಸಿಯವನಿಗೆ ಫೋನ್ ಮಾಡಿದೀನಿ."