ನಂದಿ ಬೆಟ್ಟಕ್ಕೆ ರೂಮ್ ಬುಕ್ ಮಾಡುವ ಮುಂಚೆ

ಆ್ಯಪಿನಲ್ಲಿ ‘ನಂದಿ ಹಿಲ್ಸ್’ ಅಂತ ಟೈಪ್ ಮಾಡಿದರೆ ಉದ್ದನೆಯ ಪಟ್ಟಿಯೇ ಬರುತ್ತದೆ. ಅದರಲ್ಲಿ ನಿಜಕ್ಕೂ ಬೆಟ್ಟದ ಮೇಲಿರುವ ರೂಮು ಹುಡುಕಿದರೂ ಸಿಗುವುದು ಕಷ್ಟ. ಮೇಲಿರುವುದು ಸರ್ಕಾರದ ಕೈಯಲ್ಲಿರುವ ಬೆರಳೆಣಿಕೆಯ ವಸತಿ. ಕರ್ನಾಟಕ ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ (ಕೆಎಸ್‌ಟಿಡಿಸಿ) ಮಯೂರ ಪೈನ್ ಟಾಪ್ ಅದರಲ್ಲೊಂದು, ಅದನ್ನು ನಿಗಮದ ವೆಬ್‌ಸೈಟಿನಲ್ಲೇ ನೋಡುವುದು ಒಳ್ಳೆಯದು. ಪಟ್ಟಿಯಲ್ಲಿ ಉಳಿದದ್ದೆಲ್ಲ ದೇವನಹಳ್ಳಿಯ ಏರ್‌ಪೋರ್ಟ್ ಹೋಟೆಲುಗಳು, ದೊಡ್ಡಬಳ್ಳಾಪುರ ಕಡೆಯ ಫಾರ್ಮ್‌ಸ್ಟೇಗಳು, ಚಿಕ್ಕಬಳ್ಳಾಪುರ ಪೇಟೆಯ ಲಾಡ್ಜುಗಳು, ನಂದಿ ಗ್ರಾಮ, ಮುದ್ದೇನಹಳ್ಳಿ ಸುತ್ತಮುತ್ತಲಿನ ಹೋಂಸ್ಟೇಗಳು.

ಪಕ್ಕದಲ್ಲಿ ‘6 ಕಿ.ಮೀ.’ ಅಂತ ಕಾಣುವ ದೂರ ಬಹುತೇಕ ನೇರ ಗೆರೆಯ ಲೆಕ್ಕ. ಬೆಟ್ಟ ಹತ್ತುವ ವಾಹನ ರಸ್ತೆ ಇರುವುದು ಒಂದೇ. ರೂಮು ಇನ್ನೊಂದು ಮಗ್ಗುಲಿನಲ್ಲಿದ್ದರೆ ಸುತ್ತು ಹಾಕಿಕೊಂಡೇ ಬರಬೇಕು. ಆದ್ದರಿಂದ ಹೋಟೆಲಿನ ಪುಟದಲ್ಲಿರುವ ಮ್ಯಾಪ್ ತೆರೆದು, ಅಲ್ಲಿಂದ ಬೆಟ್ಟದ ಟಿಕೆಟ್ ಗೇಟಿಗೆ ರಸ್ತೆ ದೂರ ಹಾಕಿ ನೋಡಿ. ‘ನಂದಿ ಹಿಲ್ಸ್ ವ್ಯೂ’ ಅನ್ನುವ ಹೆಸರನ್ನಂತೂ ನಂಬಬೇಡಿ. 1,478 ಮೀಟರ್ ಎತ್ತರದ ಬೆಟ್ಟ, ಅರ್ಧ ಜಿಲ್ಲೆಗೇ ಕಾಣುತ್ತದೆ.

ಸೂರ್ಯೋದಯ ನೋಡಲು ಬರುವವರು ಎಡವುವುದು ತಾರೀಖಿನಲ್ಲಿ. ಭಾನುವಾರ ಬೆಳಗಿನ ಜಾವ 2 ಗಂಟೆಗೆ ಬಂದು ಸ್ವಲ್ಪ ಮಲಗಿ 4.30ಕ್ಕೆ ಹೊರಡುವ ಯೋಚನೆ ಇದ್ದರೆ ಬುಕ್ ಮಾಡಬೇಕಾದದ್ದು ಶನಿವಾರದ ರಾತ್ರಿ. ಭಾನುವಾರದ ತಾರೀಖು ಹಾಕಿದರೆ ನಿಮ್ಮ ರೂಮು ಕೈಗೆ ಬರುವುದು ಭಾನುವಾರ ಮಧ್ಯಾಹ್ನ 12ಕ್ಕೋ 2ಕ್ಕೋ. ಶನಿವಾರದ್ದೇ ಹಾಕಿದರೂ ‘ತಡರಾತ್ರಿ ಬರ್ತೀವಿ’ ಅಂತ ಹೋಟೆಲಿಗೆ ಹೇಳಿರಬೇಕು. ಇಲ್ಲದಿದ್ದರೆ ರಾತ್ರಿ ಹನ್ನೊಂದರ ಹೊತ್ತಿಗೆ ನಿಮ್ಮನ್ನು ‘ನೋ ಶೋ’ ಅಂತ ಗುರುತು ಹಾಕಿ, ರೂಮನ್ನು ಬಾಗಿಲಿಗೆ ಬಂದವರಿಗೆ ಕೊಟ್ಟುಬಿಡುವ ಸಾಧ್ಯತೆ ಇದೆ. ನೋ ಶೋ ಆದರೆ ರೀಫಂಡ್ ಸಿಗುವುದು ಅಪರೂಪ.

ತಿಂಡಿಯದೂ ಇದೇ ಕಥೆ. ರೂಮಿನ ಕೆಳಗೆ ಇಪಿ, ಸಿಪಿ, ಎಂಎಪಿ, ಎಪಿ ಅಂತ ಇರುತ್ತದಲ್ಲ, ಇಪಿ ಅಂದರೆ ಬರೀ ರೂಮು, ಸಿಪಿ ಅಂದರೆ ತಿಂಡಿ ಸೇರಿದ್ದು, ಎಂಎಪಿ ಅಂದರೆ ತಿಂಡಿ ಜೊತೆ ಒಂದು ಊಟ, ಎಪಿ ಅಂದರೆ ಮೂರೂ ಹೊತ್ತು. ನಾಲ್ಕೂವರೆಗೆ ಬೆಟ್ಟಕ್ಕೆ ಹೊರಟವರು ವಾಪಸ್ ಬರುವಷ್ಟರಲ್ಲಿ ಎಷ್ಟೋ ಕಡೆ ತಿಂಡಿ ಮುಗಿದಿರುತ್ತದೆ, ಚೆಕ್‌ಔಟ್ ಹೊತ್ತೂ ಆಗಿರುತ್ತದೆ. ಇಬ್ಬರಿಗೆ ಸಿಪಿಗೆಂದು 300–400 ರೂಪಾಯಿ ಹೆಚ್ಚು ಕೊಡುವ ಬದಲು ಇಪಿ ತೆಗೆದುಕೊಂಡು, ದಾರಿಯಲ್ಲಿ ಬಿಸಿ ಇಡ್ಲಿ ತಿನ್ನುವುದೇ ಲೇಸು. ಬಿಸಿನೀರಿನ ಬಗ್ಗೆಯೂ ವಿಚಾರಿಸಿ. ಸೋಲಾರ್ ಮೇಲೆ ನಿಂತ ಕಡೆ ನಸುಕಿನಲ್ಲಿ ನಲ್ಲಿ ತಿರುಗಿಸಿದರೆ ಬರುವುದು ತಣ್ಣೀರೇ. ರಿವ್ಯೂಗಳನ್ನು ‘ಹೊಸದು ಮೊದಲು’ ಅಂತ ಜೋಡಿಸಿಕೊಂಡು ಬಿಸಿನೀರು, ಪವರ್ ಕಟ್, ಮದುವೆ ಹಾಲ್ ಗಲಾಟೆ, ಈ ಮೂರನ್ನು ಹುಡುಕಿದರೆ ಸಾಕು. ಐದಕ್ಕೆ ಐದು ಕೊಟ್ಟು ‘ನೈಸ್ ಸ್ಟೇ’ ಅಂತ ಬರೆದವರಿಂದ ಯಾರಿಗೂ ಉಪಯೋಗವಿಲ್ಲ. ಅಂದಹಾಗೆ, ಆ್ಯಪಿನಲ್ಲಿ ಕಾಣುವ ‘3 ಸ್ಟಾರ್’ ಕೇಂದ್ರ ಪ್ರವಾಸೋದ್ಯಮ ಸಚಿವಾಲಯ ಕೊಟ್ಟ ವರ್ಗೀಕರಣವೇ ಆಗಿರಬೇಕೆಂದಿಲ್ಲ.

ಇನ್ನು ಬೆಲೆ. ನಾಲ್ಕು ಆ್ಯಪ್ ತೆರೆದು ಹೋಲಿಸಿದೆವು ಅಂದುಕೊಳ್ಳುವವರು ಎಷ್ಟೋ ಸಲ ನೋಡಿರುವುದು ಎರಡೇ ಕಂಪನಿ. ಮೇಕ್‌ಮೈಟ್ರಿಪ್, ಗೋಐಬಿಬೋ ಒಂದೇ ಗುಂಪು. ಬುಕಿಂಗ್ ಡಾಟ್ ಕಾಮ್, ಅಗೋಡಾ ಇನ್ನೊಂದು ಗುಂಪು. ಟ್ರಿವಾಗೋ, ಗೂಗಲ್‌ನ ಹೋಟೆಲ್ ಪುಟ ಬೆಲೆ ಹೋಲಿಸಿ ತೋರಿಸುವ ಜಾಗಗಳು. ಬೇರೆ ಬೇರೆ ಗುಂಪಿನ ಎರಡು ಆ್ಯಪ್ ನೋಡಿ, ಆಮೇಲೆ ಹೋಟೆಲಿಗೇ ಒಂದು ಫೋನ್ ಮಾಡಿ. ಅಷ್ಟಕ್ಕಿಂತ ಹೆಚ್ಚು ಒದ್ದಾಡಬೇಕಿಲ್ಲ. ‘ಶಿಫಾರಸು’, ‘ಜನಪ್ರಿಯ’ ಅನ್ನುವ ಕ್ರಮದಲ್ಲಿ ಜಾಹೀರಾತು ಕೊಟ್ಟವರೂ ಮೇಲೆ ಬರುತ್ತಾರೆ. ಬೆಲೆಯ ಕ್ರಮಕ್ಕೆ ಬದಲಿಸಿ, ರೇಟಿಂಗ್ ಫಿಲ್ಟರ್ ಹಾಕಿಕೊಳ್ಳಿ.

ಫೋನ್ ಯಾಕೆ ಅಂದರೆ, ಲೆಕ್ಕ ಹೀಗಿದೆ. ಆ್ಯಪಿನಲ್ಲಿ 2,400 ರೂಪಾಯಿಯ ರೂಮು ಅಂತಿಟ್ಟುಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ ಶೇ. 5. ಅಂದರೆ 120 ಸೇರಿ 2,520. ಇದರ ಮೇಲೆ ಆ್ಯಪಿನ ಸೇವಾ ಶುಲ್ಕವಿದ್ದರೆ ಅದು ಬೇರೆ, ಅದಕ್ಕೆ ಶೇ. 18 ತೆರಿಗೆ. ಅತ್ತ ಹೋಟೆಲಿನವರು ಆ್ಯಪಿಗೆ ಕೊಡುವ ಕಮಿಷನ್ ಶೇ. 20 ಅಂತ ಹಿಡಿದರೆ 480 ಹೋಯಿತು, ಆ ಕಮಿಷನ್ ಮೇಲಿನ ಜಿಎಸ್‌ಟಿ 86.40. ಕೈಗೆ ಉಳಿಯುವುದು ಸುಮಾರು 1,833. ನೀವು ನೇರ ಫೋನ್ ಮಾಡಿ 2,100ಕ್ಕೆ ಕೇಳಿದರೆ ಅವರಿಗೂ ಲಾಭ, ನಿಮಗೂ ಲಾಭ. ಜಿಎಸ್‌ಟಿ ನೋಂದಣಿ ಇಲ್ಲದ ಸಣ್ಣ ಹೋಂಸ್ಟೇ ಆದರೆ ವ್ಯತ್ಯಾಸ ಇನ್ನೂ ಹೆಚ್ಚು: ಆ್ಯಪ್ ಮೂಲಕ ಹೋದರೆ ತೆರಿಗೆಯನ್ನು ಆ್ಯಪಿನವರೇ ಹಾಕಿ ಕಟ್ಟಬೇಕು, ನೇರ ಹೋದರೆ ಅದಿಲ್ಲ.

ಆ್ಯಪಿಗಿಂತ ಕಡಿಮೆ ಬೆಲೆಗೆ ಬೇರೆಲ್ಲೂ ಮಾರಬಾರದು ಅನ್ನುವ ಷರತ್ತು ಹಿಂದೆ ಒಪ್ಪಂದಗಳಲ್ಲಿತ್ತು. 2022ರ ಅಕ್ಟೋಬರಿನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಮೇಕ್‌ಮೈಟ್ರಿಪ್ ಗುಂಪಿಗೆ 223.48 ಕೋಟಿ ರೂಪಾಯಿ ದಂಡ ಹಾಕಿ, ಅಂಥ ಷರತ್ತು ತೆಗೆಯಲು ಹೇಳಿತು. ಆದ್ದರಿಂದ ‘ಆನ್‌ಲೈನ್ ರೇಟಿಗಿಂತ ಏನಾದ್ರೂ ಕಮ್ಮಿ ಆಗುತ್ತಾ?’ ಅಂತ ಕೇಳಲು ಸಂಕೋಚ ಬೇಡ. ಹಾಗಂತ ಯಾವಾಗಲೂ ನೇರವೇ ಅಗ್ಗ ಅಂತಲ್ಲ. ಬ್ಯಾಂಕ್ ಕಾರ್ಡಿನ ಆಫರ್ ಶೇ. 12–15 ಸಿಕ್ಕರೆ ಆ್ಯಪೇ ಗೆಲ್ಲುತ್ತದೆ. ಪೇಮೆಂಟ್ ಪುಟದ ಕೊನೆಯ ಮೊತ್ತವನ್ನು ಮಾತ್ರ ಹೋಲಿಸಿ. ಅಲ್ಲಿ ವಿಮೆ, ದೇಣಿಗೆ ಅಂತ ಮೊದಲೇ ಟಿಕ್ ಆಗಿದ್ದರೆ ತೆಗೆಯಿರಿ. ‘ಇನ್ನು 1 ರೂಮು ಮಾತ್ರ’ ಅನ್ನುವುದು ಆ ಆ್ಯಪಿನ ಪಾಲಿಗೆ ಉಳಿದ ರೂಮಿನ ಲೆಕ್ಕ ಇರಬಹುದು, ಹೋಟೆಲ್ ತುಂಬಿದೆ ಅಂತಲೇ ಅಲ್ಲ. ಸುಳ್ಳು ತುರ್ತು ಹುಟ್ಟಿಸುವುದು, ಕೇಳದ್ದನ್ನು ಬುಟ್ಟಿಗೆ ಹಾಕುವುದು, ಬೆಲೆಯನ್ನು ತುಣುಕು ತುಣುಕಾಗಿ ಬಿಚ್ಚುವುದು, ಎಲ್ಲವೂ 2023ರ ‘ಡಾರ್ಕ್ ಪ್ಯಾಟರ್ನ್’ (ಗ್ರಾಹಕರನ್ನು ದಾರಿ ತಪ್ಪಿಸುವ ಆನ್‌ಲೈನ್ ತಂತ್ರಗಳು) ಮಾರ್ಗಸೂಚಿಯಲ್ಲಿ ನಿಷಿದ್ಧ. ನಿಜವಾಗಿಯೂ ರೂಮು ಸಿಗದ ದಿನಗಳು ಬೇರೆಯೇ ಇವೆ: ಶಿವರಾತ್ರಿ (ಭೋಗನಂದೀಶ್ವರನ ಜಾತ್ರೆ ಒಂದೆಡೆ, ಈಶಾದ ಆದಿಯೋಗಿ ಇನ್ನೊಂದೆಡೆ), ಮದುವೆ ಮುಹೂರ್ತಗಳು, ಯಲಹಂಕದಲ್ಲಿ ಏರೋ ಇಂಡಿಯಾ ನಡೆಯುವ ವಾರ.

ನಮ್ಮ ಕಡೆಯವರಿಗೆ ಒಂದು ವಿಶೇಷ ತಲೆನೋವಿದೆ, ಲೋಕಲ್ ಐಡಿ. ಅದೇ ಊರಿನ ವಿಳಾಸದ ಆಧಾರ್ ತೋರಿಸಿದರೆ ರೂಮು ಕೊಡದ ಹೋಟೆಲುಗಳು ಬಹಳ. ಚಿಕ್ಕಬಳ್ಳಾಪುರದವರು ನೆಂಟರಿಗೆ ಅಂತ ತಮ್ಮ ಹೆಸರಿನಲ್ಲಿ ಚಿಕ್ಕಬಳ್ಳಾಪುರದಲ್ಲೇ ರೂಮು ಹಿಡಿದರೆ ರಿಸೆಪ್ಷನ್‌ನಲ್ಲಿ ಸಿಕ್ಕಿಬೀಳುತ್ತಾರೆ. ಹೋಟೆಲ್ ಪುಟದ ಕೆಳಗೆ ‘ಪ್ರಾಪರ್ಟಿ ರೂಲ್ಸ್’ನಲ್ಲಿ ಇದು ಸಣ್ಣಕ್ಷರದಲ್ಲಿರುತ್ತದೆ. ಬುಕಿಂಗನ್ನು ಉಳಿಯುವವರ ಹೆಸರಿನಲ್ಲೇ ಮಾಡಿ, ಎಲ್ಲ ವಯಸ್ಕರ ಗುರುತಿನ ಚೀಟಿ ಇರಲಿ. ವಿಳಾಸವಿಲ್ಲದ ಕಾರಣ ಪ್ಯಾನ್ ಕಾರ್ಡ್ ನಡೆಯದು. ಮಕ್ಕಳ ವಯಸ್ಸನ್ನೂ ಸರಿಯಾಗಿ ಹಾಕಿ, ಇಲ್ಲದಿದ್ದರೆ ಎಕ್ಸ್‌ಟ್ರಾ ಬೆಡ್ ಅಂತ ಅಲ್ಲಿ ನಗದು ಕೇಳುತ್ತಾರೆ.

ದುಡ್ಡು ಕಟ್ಟಿದ ಮೇಲೂ ಒಂದು ಫೋನ್ ಬೇಕು. ದೊಡ್ಡ ಹೋಟೆಲುಗಳಲ್ಲಿ ಒಂದು ಕಡೆ ರೂಮು ಹೋದರೆ ಎಲ್ಲ ಆ್ಯಪಿನಲ್ಲೂ ತಾನಾಗೇ ಕಡಿಮೆಯಾಗುತ್ತದೆ. ಎಂಟು ರೂಮಿನ ಲಾಡ್ಜಿನಲ್ಲಿ ಮ್ಯಾನೇಜರ್ ಕೈಯಾರೆ ಬದಲಿಸಬೇಕು. ಶನಿವಾರ ಸಂಜೆ ಅವರಿಗೆ ಅದಕ್ಕೆಲ್ಲ ಪುರುಸೊತ್ತಿಲ್ಲ, ಹೀಗಾಗಿ ಒಂದೇ ರೂಮು ಇಬ್ಬರಿಗೆ ಹೋಗುತ್ತದೆ. ಬುಕಿಂಗ್ ಐಡಿ ಹೇಳಿ, ಹೆಸರು, ತಾರೀಖು, ಕಟ್ಟಿದ ಮೊತ್ತ ಅವರ ಬಳಿ ಇದೆಯಾ ಕೇಳಿ. ನಂಬರನ್ನು ವೋಚರ್‌ನಿಂದಲೇ ತೆಗೆದುಕೊಳ್ಳಿ. ಇಂಟರ್‌ನೆಟ್ಟಿನಲ್ಲಿ ಸಿಕ್ಕ ‘ಕಸ್ಟಮರ್ ಕೇರ್’ ನಂಬರುಗಳಲ್ಲಿ ವಂಚಕರದ್ದೂ ಇರುತ್ತವೆ. ರೀಫಂಡ್ ಪಡೆಯಲು ಕ್ಯೂಆರ್ ಸ್ಕ್ಯಾನ್ ಮಾಡಿ, ಯುಪಿಐ ಪಿನ್ ಹಾಕಿ ಅಂದರೆ ಅಲ್ಲೇ ಫೋನ್ ಇಡಿ, ದುಡ್ಡು ಬರುವುದಕ್ಕೆ ಪಿನ್ ಬೇಕಾಗಿಲ್ಲ. ದುಡ್ಡು ಹೋಗಿಯೇಬಿಟ್ಟಿದ್ದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಹೋಟೆಲಿಗೆ ಹೋದಾಗ ‘ರೂಮಿಲ್ಲ, ನೀವೇ ಕ್ಯಾನ್ಸಲ್ ಮಾಡಿ, ದುಡ್ಡು ಬರುತ್ತೆ’ ಅಂದರೆ ಒಪ್ಪಬೇಡಿ. ನೀವು ಒತ್ತಿದರೆ ಅದು ಗ್ರಾಹಕರು ಮಾಡಿದ ರದ್ದತಿ ಆಗುತ್ತದೆ, ಉಚಿತ ರದ್ದತಿಯ ಗಡುವು ಮುಗಿದಿದ್ದರೆ ಪೂರ್ತಿ ಕಡಿತ. ಹೋಟೆಲಿನಲ್ಲಿ ನಿಂತೇ ಆ್ಯಪಿನ ಚಾಟ್ ತೆರೆದು ‘ಚೆಕ್‌ಇನ್ ನಿರಾಕರಿಸಿದ್ದಾರೆ’ ಅಂತ ಬರೆಯಿರಿ, ಅವರು ಹೋಟೆಲಿಗೆ ಫೋನ್ ಮಾಡುವವರೆಗೆ ಕಾಯಿರಿ, ಬೇರೆ ರೂಮು ಅಥವಾ ಪೂರ್ತಿ ಹಣ ಕೇಳಿ. ಹಣ ಅಂದರೆ ವ್ಯಾಲೆಟ್ಟಿಗಲ್ಲ, ಕಟ್ಟಿದ ಖಾತೆಗೇ. ಆ್ಯಪಿನ ಕುಂದುಕೊರತೆ ಅಧಿಕಾರಿಗೆ ಮೇಲ್ ಹಾಕಿದರೆ 48 ಗಂಟೆಯೊಳಗೆ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ ಕೊಡಬೇಕು ಅಂತ 2020ರ ಇ-ಕಾಮರ್ಸ್ ನಿಯಮ ಹೇಳುತ್ತದೆ. ಅದಾಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಚಾಟ್‌ನ ಸ್ಕ್ರೀನ್‌ಶಾಟ್ ಆಗ ಬೇಕಾಗುತ್ತದೆ.