ನಿಮ್ ತಾತ ಏನ್ ಮಾಡಿದ್ರು?

ಭಾನುವಾರದ ಸನ್ಮಾನ ಮುಗಿದು ನಾಲ್ಕು ದಿನವಾಯಿತು. ವೇದಿಕೆಯ ಮೇಲೆ ಯಾರು ಏನು ಮಾತಾಡಿದರು ಎನ್ನುವುದು ಆಗಲೇ ಮಸುಕಾಗಿದೆ. ಊಟದ ಹಾಲ್‌ನ ಬಾಗಿಲ ಬಳಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತಿದ್ದ ಆ ಅಜ್ಜಿ ಮಾತ್ರ ಕಣ್ಣಿಂದ ಸರಿಯುತ್ತಿಲ್ಲ.

ಹೊದಿಸಿದ ಶಾಲು ಹೆಗಲ ಮೇಲೆ ಹಾಗೇ ಇತ್ತು. ತೊಡೆಯ ಮೇಲೆ, ತೀರಿಕೊಂಡ ಗಂಡನ ಹೆಸರಿಗೆ ಬರೆದ, ಗಾಜಿನ ಕಟ್ಟು ಹಾಕಿದ ಸನ್ಮಾನ ಪತ್ರ. ಅಜ್ಜಿಗೆ ಓದು ಬರುವುದಿಲ್ಲ. ಆದರೂ ಮೊಮ್ಮಗ ಓದುತ್ತಿದ್ದಂತೆ ಅವರ ಬೆರಳು ಗಾಜಿನ ಮೇಲೆ ಒಂದೊಂದೇ ಸಾಲು ಹಿಡಿದು ಸಾಗುತ್ತಿತ್ತು. ಓದಿ ಮುಗಿಸಿದ ಮೇಲೆ ಕೇಳಿದರು: "ನಿಮ್ ತಾತ ಏನ್ ಮಾಡಿದ್ರು ಅಂತ ಇದ್ರಲ್ಲಿ ಎಲ್ಲಿ ಬರ್ದವ್ರೆ ಮಗ?"

ಹುಡುಗ ಮತ್ತೆ ಮೊದಲ ಸಾಲಿನಿಂದ ಹುಡುಕಿದ. "ಇಲ್ಲ ಅಜ್ಜಿ" ಅಂದ.

"ಸರಿಯಾಗ್ ನೋಡು."

ಸರಿಯಾಗಿ ನೋಡಿದರೂ ಇರಲಿಲ್ಲ. 22 ಸಾಲಿನ ಪತ್ರ ಅದು. 'ಸರಳ ಸಜ್ಜನಿಕೆಯ ಸಾಕಾರಮೂರ್ತಿ', 'ಮೃದುಭಾಷಿ', 'ದೇಶಸೇವೆಯೇ ಈಶಸೇವೆ ಎಂದು ಬಾಳಿದ ಧೀಮಂತ ಚೇತನ' ಎಂದೆಲ್ಲ ಇತ್ತು. ಯುದ್ಧಕ್ಕೆ ಹೋಗಿಬಂದ ಹವಾಲ್ದಾರರನ್ನು 'ಅಜಾತಶತ್ರು' ಎಂದೂ ಕರೆದಿತ್ತು. ಅವರ ರೆಜಿಮೆಂಟ್ ಯಾವುದು, ಎಷ್ಟನೇ ಇಸವಿಯಲ್ಲಿ ಎಲ್ಲಿದ್ದರು, ಕೈಯಲ್ಲಿ ಏನು ಹಿಡಿದು ಯಾವ ಕೆಲಸ ಮಾಡಿದರು ಎನ್ನುವ ಒಂದೇ ಒಂದು ಸಾಲಿರಲಿಲ್ಲ. ಹೆಸರು ಅಳಿಸಿ ಬೇರೆ ಯಾರ ಹೆಸರು ಬರೆದರೂ ಪತ್ರ ಹಾಗೇ ನಡೆಯುತ್ತಿತ್ತು. ನಡೆದೂ ಇತ್ತು. ಅದೇ ದಿನ ಸನ್ಮಾನಗೊಂಡ ನಿವೃತ್ತ ಆರೋಗ್ಯ ಸಹಾಯಕಿಯ ಪತ್ರದಲ್ಲೂ ನಿವೃತ್ತ ಮುಖ್ಯೋಪಾಧ್ಯಾಯರ ಪತ್ರದಲ್ಲೂ ಎರಡನೇ ಪ್ಯಾರಾ ಇದೇ ಆಗಿತ್ತು.

ಸಂಘಟಕರು ಒಳ್ಳೆಯವರು, ಕೈಯಿಂದ ದುಡ್ಡು ಹಾಕಿ ಕಾರ್ಯಕ್ರಮ ಮಾಡಿದವರು. ತಪ್ಪಾಗುವುದು ಕೆಲಸದ ಸರದಿಯಲ್ಲಿ. ಮೊದಲು ಹಾಲ್, ಆಮೇಲೆ ಅತಿಥಿಗಳ ದಿನಾಂಕ, ಆಹ್ವಾನ ಪತ್ರಿಕೆ, ಶಾಲು, ಪೇಟ, ಹಾರ, ಊಟ. ಇವೆಲ್ಲ ಮುಗಿದು ಹಿಂದಿನ ದಿನ ಸಂಜೆ ಸನ್ಮಾನ ಪತ್ರದ ನೆನಪಾಗುತ್ತದೆ. ಆ ಹೊತ್ತಿಗೆ ಪ್ರೆಸ್‌ನ ಕಂಪ್ಯೂಟರಿನಲ್ಲಿರುವ ಹಳೇ ಪತ್ರವೇ ಗತಿ. ಸರದಿ ತಿರುಗಬೇಕು. ಯಾರಿಗೆ ಸನ್ಮಾನ ಎಂದು ತೀರ್ಮಾನವಾದ ವಾರವೇ ಒಬ್ಬರು ಅವರ ಮನೆಗೆ ಹೋಗಿ ಒಂದು ಗಂಟೆ ಕುಳಿತು ಬರಬೇಕು. ಉಳಿದದ್ದೆಲ್ಲ ಅಂಗಡಿಯಲ್ಲಿ ಸಿಗುತ್ತದೆ, ಇದೊಂದು ಆ ಮನೆಯಲ್ಲಿ ಮಾತ್ರ.

ಏನು ಬರೆಯಬೇಕು ಎನ್ನುವುದನ್ನು ಸೈನ್ಯದ ಶೌರ್ಯ ಪ್ರಶಸ್ತಿ ಯಾಕೆ ಕೊಟ್ಟರೆಂದು ಹೇಳುವ ಉಲ್ಲೇಖಗಳಿಂದಲೇ ಕಲಿಯಬಹುದು. ಹುದ್ದೆ, ಹೆಸರು, ದಳ, ದಿನಾಂಕ, ಸ್ಥಳ, ವಹಿಸಿದ ಕೆಲಸ, ಎದುರಾದ ಅಪಾಯ, ಆ ಮನುಷ್ಯ ಮಾಡಿದ್ದು, ಅದರಿಂದ ಆದದ್ದು. ಹೊಗಳಿಕೆಯ ಮಾತಿಗೆ ಸಾಮಾನ್ಯವಾಗಿ ಕೊನೆಯ ಒಂದೆರಡು ವಾಕ್ಯ. ಮೊದಲ ಪರಮವೀರ ಚಕ್ರ ಪಡೆದ ಮೇಜರ್ ಸೋಮನಾಥ ಶರ್ಮರ ಉಲ್ಲೇಖ ನೋಡಿ. 1947ರ ನವೆಂಬರ್ 3, ಕಾಶ್ಮೀರದ ಬಡಗಾಂ, 4ನೇ ಕುಮಾವೂಂ ದಳ. ಶತ್ರುಗಳು ಒಬ್ಬರಿಗೆ ಏಳು ಮಂದಿಯಂತೆ ಮುತ್ತಿದ್ದರು. ಮಷೀನ್ ಗನ್ ಹಿಡಿದವರು ಗಾಯಗೊಂಡು ಬೀಳತೊಡಗಿದಾಗ, ಎಡಗೈಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದ ಈ ಅಧಿಕಾರಿ ತಾವೇ ಮ್ಯಾಗಜೀನ್‌ಗಳಿಗೆ ಗುಂಡು ತುಂಬಿ ತುಂಬಿ ಕೊಟ್ಟರು. 'ಮಹಾಶೂರ' ಎಂದು ನೂರು ಸಲ ಬರೆದರೂ ಆ ಪ್ಲಾಸ್ಟರಿನ ಕೈ ಕಾಣುವುದಿಲ್ಲ. ಗುಂಡು ತುಂಬಿದ್ದನ್ನು ಒಮ್ಮೆ ಬರೆದರೆ 'ಮಹಾಶೂರ' ಬೇಕಾಗುವುದೂ ಇಲ್ಲ. ಅಂಥ ಉಲ್ಲೇಖ ರಾಷ್ಟ್ರಪತಿ ಭವನದಲ್ಲಿ ಓದುವಾಗ ಮಡಿದವರ ಹೆಂಡತಿ, ತಾಯಿ ಎದ್ದು ನಿಂತು ಕೇಳುತ್ತಾರೆ. ಅವರಿಗೆ ತಮ್ಮವರು ಏನು ಮಾಡಿದರು ಎಂದು ಯಾರನ್ನೂ ಕೇಳಬೇಕಾಗುವುದಿಲ್ಲ.

ಮಾಜಿ ಸೈನಿಕರ ಮನೆಯಲ್ಲಿ ಮೊದಲು ಕೇಳಬೇಕಾದದ್ದು ಡಿಸ್ಚಾರ್ಜ್ ಬುಕ್. ಸೇರಿದ ದಿನ, ಬಿಟ್ಟ ದಿನ, ಹುದ್ದೆ, ದಳ, ಪದಕಗಳು ಎಲ್ಲ ಅದರಲ್ಲಿರುತ್ತವೆ. ಅದು ಕಳೆದಿದ್ದರೆ ಪಿಂಚಣಿ ಆದೇಶ ನೋಡಬಹುದು, ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯಲ್ಲಿ ವಿಚಾರಿಸಬಹುದು. ಪದಕಗಳನ್ನು ಕೈಗೆ ತೆಗೆದುಕೊಂಡು ಅಂಚು ತಿರುಗಿಸಿ ನೋಡಬೇಕು, ಸೈನಿಕನ ಸಂಖ್ಯೆ, ಹುದ್ದೆ, ಹೆಸರು ಸಣ್ಣಕ್ಷರದಲ್ಲಿ ಸಾಮಾನ್ಯವಾಗಿ ಅಲ್ಲೇ ಕೊರೆದಿರುತ್ತದೆ. 1971ರ ಯುದ್ಧದಲ್ಲಿ ಪಶ್ಚಿಮದ ರಣರಂಗದಲ್ಲಿದ್ದವರಿಗೆ ಪಶ್ಚಿಮಿ ಸ್ಟಾರ್, ಪೂರ್ವದಲ್ಲಿದ್ದವರಿಗೆ ಪೂರ್ವಿ ಸ್ಟಾರ್ ಕೊಟ್ಟರು. ಆ ಒಂದು ನಕ್ಷತ್ರ ಸಿಕ್ಕರೆ ಸಾಕು, 'ದೇಶದ ಗಡಿಯಲ್ಲಿ ಸೇವೆ' ಎಂಬ ಮಸುಕು ಮಾತು ಹೋಗಿ ದಿಕ್ಕೂ ಇಸವಿಯೂ ಬರುತ್ತವೆ.

ಕಂಡ ಪದಕವನ್ನೆಲ್ಲ ಶೌರ್ಯ ಪ್ರಶಸ್ತಿ ಎಂದು ಬರೆಯುವುದು ದೊಡ್ಡ ತಪ್ಪು. ಪರಮವೀರ, ಮಹಾವೀರ, ವೀರ ಚಕ್ರಗಳು ಶತ್ರುವಿನ ಎದುರಿನ ಶೌರ್ಯಕ್ಕೆ. ಅಶೋಕ, ಕೀರ್ತಿ, ಶೌರ್ಯ ಚಕ್ರಗಳು ಯುದ್ಧಭೂಮಿಯ ಆಚೆಗಿನ ಶೌರ್ಯಕ್ಕೆ. ವಿಶಿಷ್ಟ ಸೇವಾ ಪದಕಗಳ ಸಾಲೇ ಬೇರೆ. 9 ವರ್ಷ, 20 ವರ್ಷದ ದೀರ್ಘ ಸೇವಾ ಪದಕಗಳು ಸೇವಾವಧಿಗೆ ಸಿಗುವಂಥವು. ಇಲ್ಲದ ಪ್ರಶಸ್ತಿ ಅಂಟಿಸಿದರೆ ಸಭೆಯಲ್ಲಿ ಕುಳಿತ ಮಾಜಿ ಸೈನಿಕರಿಗೆ ತಕ್ಷಣ ಗೊತ್ತಾಗುತ್ತದೆ, ಸನ್ಮಾನಿತರಿಗೆ ತಲೆ ತಗ್ಗಿಸುವಂತಾಗುತ್ತದೆ. ಹುದ್ದೆಯ ವಿಷಯವೂ ಹೀಗೇ. 'ನಿವೃತ್ತ ಬ್ರಿಗೇಡಿಯರ್' ಅಲ್ಲ. ಹುದ್ದೆ, ಹೆಸರು, ಆಮೇಲೆ 'ನಿವೃತ್ತ'. ನಿವೃತ್ತಿ ಮನುಷ್ಯನಿಗೆ, ಹುದ್ದೆಗಲ್ಲ ಎನ್ನುವುದು ಸೈನ್ಯದ ನಿಲುವು. 'ಹುತಾತ್ಮ' ಎಂದು ನಾವು ಭಕ್ತಿಯಿಂದ ಬರೆಯುತ್ತೇವೆ. ಸೇನೆಯ ಕಾಗದಪತ್ರಗಳಲ್ಲಿ ಅಂಥ ಅಧಿಕೃತ ಪದವಿಲ್ಲ. ಬರೆಯುವುದಾದರೆ ಕಾಳಗದಲ್ಲಿ ಮಡಿದವರಿಗೆ ಮಾತ್ರ ಇಟ್ಟುಕೊಳ್ಳಬೇಕು. ನಮ್ಮ ಹವಾಲ್ದಾರರು ಪಿಂಚಣಿ ಪಡೆದು ಮನೆಯಲ್ಲೇ ತೀರಿಕೊಂಡವರು, ನಿರೂಪಕರು ಎರಡು ಸಲ 'ಹುತಾತ್ಮ' ಎಂದರು. ಅಜ್ಜಿ ಆಗಲೂ ಮೊಮ್ಮಗನ ಮುಖ ನೋಡಿದ್ದರು.

ಹೆಸರಿನ ತಪ್ಪು ಎಲ್ಲಕ್ಕಿಂತ ದುಬಾರಿ. 1999ರಲ್ಲಿ ಟೈಗರ್ ಹಿಲ್‌ನಲ್ಲಿ ಹೋರಾಡಿದ 18ನೇ ಗ್ರೆನೇಡಿಯರ್ಸ್‌ನ ಯೋಗೇಂದ್ರ ಸಿಂಗ್ ಯಾದವ್ ಅವರಿಗೆ ಪರಮವೀರ ಚಕ್ರ ಘೋಷಣೆಯಾದದ್ದು ಮರಣೋತ್ತರವಾಗಿ. ಆಗ ಅವರು ಆಸ್ಪತ್ರೆಯಲ್ಲಿ ಚೇತರಿಸಿಕೊಳ್ಳುತ್ತಿದ್ದರು. ಮಡಿದದ್ದು ಅದೇ ಹೆಸರಿನ ಇನ್ನೊಬ್ಬ ಯೋಧ. ಅಷ್ಟೊಂದು ಕಣ್ಣುಗಳು ನೋಡುವ ಕಡತದಲ್ಲೇ ಹೀಗಾದ ಮೇಲೆ, ರಾತ್ರಿ ಹನ್ನೊಂದಕ್ಕೆ ವಾಟ್ಸ್‌ಆ್ಯಪ್‌ನಲ್ಲಿ ಬಂದ ಹೆಸರನ್ನು ನಂಬಿ ಅಚ್ಚಿಗೆ ಕೊಡುವುದು ಹೇಗೆ? ಹೆಸರು, ಇನಿಷಿಯಲ್, ಊರು, ತಂದೆಯ ಹೆಸರು ಬರೆದ ಹಾಳೆಯನ್ನು ಮನೆಯವರ ಮುಂದಿಟ್ಟು ಅವರ ಬಾಯಿಂದಲೇ ಓದಿಸಬೇಕು.

ಮಾಡಿದ್ದನ್ನು ಕಂಡವರೇ ಇಲ್ಲದಿದ್ದರೆ? ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬಿ. ದೇವಯ್ಯ 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರಗೋಧಾ ವಾಯುನೆಲೆಯ ದಾಳಿಗೆ ಮಿಸ್ಟೇರ್ ವಿಮಾನದಲ್ಲಿ ಹೋದವರು ಹಿಂತಿರುಗಲಿಲ್ಲ. ತನಗಿಂತ ಎಷ್ಟೋ ವೇಗದ ಪಾಕಿಸ್ತಾನದ ಸ್ಟಾರ್‌ಫೈಟರ್ ವಿಮಾನವನ್ನು ಅವರು ಹೊಡೆದು ಬೀಳಿಸಿದ್ದು ನಮ್ಮ ಕಡೆಯವರಿಗೆ ಗೊತ್ತೇ ಇರಲಿಲ್ಲ. ಒಂದೂವರೆ ದಶಕದ ಹೊತ್ತಿಗೆ ಬ್ರಿಟಿಷ್ ಲೇಖಕರೊಬ್ಬರು ಪಾಕಿಸ್ತಾನದ ಕಡೆಯ ವಿವರ ಬರೆದಾಗ ಎಳೆ ಸಿಕ್ಕಿತು. ಮಹಾವೀರ ಚಕ್ರ ಬಂದದ್ದು 1988ರಲ್ಲಿ, 23 ವರ್ಷದ ಮೇಲೆ. ಸಾಕ್ಷಿ ಎದುರು ಪಾಳೆಯದಲ್ಲಿದ್ದರೂ ಬರಮಾಡಿಕೊಳ್ಳಬೇಕಾಯಿತು. ನಮ್ಮ ಹವಾಲ್ದಾರರ ಸಾಕ್ಷಿ ಅಷ್ಟು ದೂರ ಇರಲಿಲ್ಲ, ವೇದಿಕೆಯ ಮೇಲೇ ಶಾಲು ಹೊದ್ದು ಕುಳಿತಿದ್ದರು. ಅವರನ್ನು ಯಾರೂ ಕೇಳಿರಲಿಲ್ಲ.

ಸಮಾಜಸೇವೆಯವರ ವಿಷಯದಲ್ಲಿ ವಿಶೇಷಣದ ಕಾಟ ಇನ್ನೂ ಹೆಚ್ಚು. ಪದ್ಮ ಪ್ರಶಸ್ತಿಗೆ ಹೆಸರು ಸೂಚಿಸುವಾಗ ಸಾಧನೆಯ ವಿವರ 800 ಪದ ಮೀರುವಂತಿಲ್ಲ. ಅಷ್ಟರಲ್ಲಿ ಹೇಳಬೇಕೆಂದರೆ ಕೆಲಸವನ್ನೇ ಹೇಳಬೇಕು. ಹರೇಕಳ ಹಾಜಬ್ಬರ ಕತೆಗೆ 'ಅಕ್ಷರ ಸಂತ' ಎಂಬ ಬಿರುದು ಸೇರಿಕೊಂಡಿದೆ, ಪ್ರೀತಿಯ ಬಿರುದೇ. ಆದರೆ ಕೇಳಿದವರ ಮನಸ್ಸಿನಲ್ಲಿ ನಿಲ್ಲುವುದು ಬಿರುದಲ್ಲ. ವಿದೇಶಿಯರು ಕಿತ್ತಳೆಯ ಬೆಲೆ ಇಂಗ್ಲಿಷಿನಲ್ಲಿ ಕೇಳಿದಾಗ ಉತ್ತರಿಸಲಾಗದೆ ನಿಂತದ್ದು, ಆ ಕಿತ್ತಳೆ ಮಾರಿದ ದುಡ್ಡು ಕೂಡಿಟ್ಟು ಊರಿನ ಮಕ್ಕಳಿಗೆ ಶಾಲೆ ಮಾಡಿದ್ದು. ಸಾಲುಮರದ ತಿಮ್ಮಕ್ಕನವರದು ಹುಲಿಕಲ್ಲಿನಿಂದ ಕುದೂರಿನ ದಾರಿಗೆ ಆಲದ ಸಸಿ ನೆಟ್ಟು ಬಿಂದಿಗೆಯಲ್ಲಿ ನೀರು ಹೊತ್ತದ್ದು. 'ವೃಕ್ಷಮಾತೆ' ಎನ್ನುವ ಮೊದಲು ಆ ಬಿಂದಿಗೆ ಬರಬೇಕು. ಒಂದು ಮಾತು ಸೇರಿಸಲೇಬೇಕು: ಪದ್ಮಶ್ರೀ, ಪದ್ಮಭೂಷಣಗಳನ್ನು ಹೆಸರಿನ ಹಿಂದೆ ಮುಂದೆ ಸೇರಿಸುವ ಹಾಗಿಲ್ಲ, ಅವು ಬಿರುದುಗಳಲ್ಲ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಆಹ್ವಾನ ಪತ್ರಿಕೆಗಳಲ್ಲಿ ಈ ತಪ್ಪು ಇವತ್ತಿಗೂ ನಿಂತಿಲ್ಲ.

ಭಾನುವಾರದ ಆರೋಗ್ಯ ಸಹಾಯಕಿಗೆ 'ಮಮತೆಯ ಮಡಿಲು' ಎಂದು ಬರೆದಿದ್ದರು. ಪಕ್ಕದಲ್ಲಿ ಕುಳಿತು ಎರಡು ನಿಮಿಷ ಮಾತಾಡಿದರೆ ಬೇರೆಯೇ ಪತ್ರ ಸಿಗುತ್ತಿತ್ತು. ನಾಲ್ಕು ಐಸ್ ಪ್ಯಾಕ್ ಇಟ್ಟ ಲಸಿಕೆ ಡಬ್ಬಿ ಹೆಗಲಿಗೆ ಹಾಕಿಕೊಂಡು, 2ರಿಂದ 8 ಡಿಗ್ರಿಯೊಳಗೆ ಲಸಿಕೆ ಕೆಡದಂತೆ ಬಿಸಿಲೇರುವ ಮೊದಲೇ ಕೊನೆಯ ಹಟ್ಟಿ ಮುಟ್ಟುತ್ತಿದ್ದೆ ಎಂದು ಅವರೇ ಹೇಳಿದರು. ದೇಶದ ಕೊನೆಯ ಪೋಲಿಯೊ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ, ಪೋಲಿಯೊ ಮುಕ್ತ ಎಂಬ ಪ್ರಮಾಣಪತ್ರ ಬಂದದ್ದು 2014ರ ಮಾರ್ಚ್‌ನಲ್ಲಿ. ಆ ಡಬ್ಬಿ ಹೊತ್ತ ಸಾವಿರಾರು ಹೆಗಲುಗಳಲ್ಲಿ ಒಂದು ನಮ್ಮ ವೇದಿಕೆಯ ಮೇಲಿತ್ತು, ಅದನ್ನು ಯಾರೂ ಹೇಳಲಿಲ್ಲ.

ಇನ್ನು ಪತ್ರದ ತಯಾರಿ. ನಿಧಾನವಾಗಿ ಓದಿದರೆ ನಿಮಿಷಕ್ಕೆ 80-90 ಕನ್ನಡ ಪದ ಆಗುತ್ತದೆ. ಎರಡು ನಿಮಿಷಕ್ಕಿಂತ ಹೆಚ್ಚು ಸಭೆ ಕೇಳುವುದಿಲ್ಲ, ಆದ್ದರಿಂದ 180 ಪದ ಮಿತಿ. ಗಾಜಿನ ಕಟ್ಟು ಹಿಡಿದೇ ಓದಬಾರದು. ವೇದಿಕೆಯ ದೀಪ ಗಾಜಿಗೆ ಬಿದ್ದು ಅರ್ಧ ಸಾಲು ಕಾಣದೆ ತಡವರಿಸುತ್ತಾರೆ. ಓದುವವರಿಗೆ 18 ಪಾಯಿಂಟಿನ ದಪ್ಪಕ್ಷರದಲ್ಲಿ ಬೇರೆ ಪ್ರತಿ, ಹಿಂದಿನ ದಿನವೇ. ಫೋನಿನಲ್ಲಿ ಟೈಪ್ ಮಾಡಿ ಕಳಿಸಿದ ಯೂನಿಕೋಡ್ ಅಕ್ಷರವನ್ನು ಪ್ರೆಸ್‌ನವರು ತಮ್ಮ ಹಳೇ ಫಾಂಟಿಗೆ ಬದಲಿಸುವಾಗ ಒತ್ತಕ್ಷರ, ಅರ್ಕಾವತ್ತು ಒಡೆಯುತ್ತವೆ. 'ಸೂರ್ಯ', 'ಕೀರ್ತಿ', 'ಸ್ವಾತಂತ್ರ್ಯ' ಇಂಥ ಪದಗಳ ಮೇಲೆ ಬೆರಳಿಟ್ಟು ಕರಡು ತಿದ್ದಬೇಕು, ತಿದ್ದಿದ ಮೇಲೆ ಮತ್ತೊಮ್ಮೆ ನೋಡಬೇಕು. ಅಂದು ಮುಖ್ಯ ಅತಿಥಿಗಳು ಒಂದೂವರೆ ಗಂಟೆ ತಡ ಮಾಡಿದ್ದರಿಂದ ನಿರೂಪಕರು ಮೂರು ಪತ್ರಗಳನ್ನೂ ಓಡಿಸಿದರು. ಕಡಿತ ಮಾಡಲೇಬೇಕಾದರೆ ಭಾಷಣ ಕಡಿತವಾಗಲಿ, ಸನ್ಮಾನಿತರ ಎರಡು ನಿಮಿಷಕ್ಕೆ ಕೈ ಹಾಕಬಾರದು.

ಬಾಗಿಲ ಬಳಿಯ ಕುರ್ಚಿಗೆ ಮತ್ತೆ ಬರುತ್ತೇನೆ. "ಸರಿಯಾಗ್ ನೋಡು" ಎಂದ ಮೇಲೂ ಸಿಗದಿದ್ದಾಗ ಹುಡುಗ ಕೇಳಿದ, "ತಾತ ಏನ್ ಮಾಡಿದ್ರು ಅಜ್ಜಿ?" ಅಜ್ಜಿ ಹೇಳಿದರು: "ಬೋರಲು ಮಲ್ಕೊಂಡು, ಸಲಾಕಿ ಓರೆಯಾಗ್ ಚುಚ್ಕೊಂಡು ಚುಚ್ಕೊಂಡು ನೆಲದೊಳಗಿನ ಬಾಂಬ್ ಹುಡುಕ್ತಿದ್ರಂತೆ. ನೆಟ್ಟಗೆ ಚುಚ್ಚುದ್ರೆ ಸಿಡೀತದಂತೆ. ಇವ್ರು ಹೋದ್ ದಾರೀಲೇ ಹಿಂದ್ಗಡೆಯೋರು ಕಾಲಿಡೋದಂತೆ."

ಸ್ಯಾಪರ್‌ಗಳ, ಅಂದರೆ ಸೈನ್ಯದ ಎಂಜಿನಿಯರ್ ದಳದವರ ಕೆಲಸವನ್ನು ಇದಕ್ಕಿಂತ ಸರಿಯಾಗಿ ಹೇಳುವುದು ಕಷ್ಟ. ನೆಲಬಾಂಬಿನ ಒತ್ತುವ ತಟ್ಟೆ ಮೇಲ್ಭಾಗದಲ್ಲಿರುತ್ತದೆ. ಸಲಾಕಿಯನ್ನು ಸುಮಾರು 30 ಡಿಗ್ರಿ ಓರೆಗೆ ಚುಚ್ಚಿದರೆ ಅದು ಬಾಂಬಿನ ಪಕ್ಕಕ್ಕೆ ತಾಗುತ್ತದೆ, ನೆಟ್ಟಗೆ ಚುಚ್ಚಿದರೆ ತಟ್ಟೆಯ ಮೇಲೇ ಬೀಳುತ್ತದೆ. ಒಂದೊಂದು ಗೇಣು ನೆಲವನ್ನೂ ಹೀಗೆ ತಡವಿ, ತೆರವಾದ ದಾರಿಯ ಎರಡೂ ಅಂಚಿಗೆ ಬಿಳಿ ಪಟ್ಟಿ ಹಾಸುತ್ತ ಮುಂದೆ ಹೋಗಬೇಕು. 1971ರ ಡಿಸೆಂಬರ್‌ನಲ್ಲಿ ಪಶ್ಚಿಮದ ರಣರಂಗದ ಬಸಂತರ್ ಕಾಳಗದಲ್ಲಿ ಟ್ಯಾಂಕುಗಳಿಗೆ ದಾರಿ ಮಾಡಿದ್ದು ಹೀಗೆ ನೆಲಬಾಂಬ್ ತೆಗೆದ ಎಂಜಿನಿಯರ್ ದಳದವರೇ, ಅಲ್ಲಿ ಮಡಿದ ಮೇಜರ್ ವಿಜಯ್ ರತ್ತನ್ ಚೌಧರಿಯವರಿಗೆ ಮಹಾವೀರ ಚಕ್ರ ಬಂತು. "ಟ್ರಂಕಲ್ಲಿ ನಕ್ಷತ್ರದ ಥರದ್ದು ಒಂದು ಪದಕ ಇದೆ" ಅಂದ ಹುಡುಗ. ಅದರ ಮೇಲೇನಿದೆ, ಅಂಚಿನಲ್ಲಿ ಏನು ಕೊರೆದಿದೆ ನೋಡಿ ತಿಳಿಸು ಎಂದು ಹೇಳಿಯಾಗಿದೆ. ಹೊಸ ಪತ್ರ ಅಚ್ಚು ಹಾಕಿಸಿಕೊಡಲು ಸಂಘಟಕರು ಎರಡನೇ ಮಾತಿಲ್ಲದೆ ಒಪ್ಪಿದ್ದಾರೆ.

ಹುಡುಗ ಅಷ್ಟು ದಿನ ಕಾಯಲಿಲ್ಲ. ಚೌಕಟ್ಟನ್ನು ಬೋರಲು ಹಾಕಿ, ಹಿಂದಿನ ರಟ್ಟಿನ ಮೇಲೆ ಬಾಲ್‌ಪೆನ್ನಿನಿಂದ ಅಜ್ಜಿಯ ಮಾತನ್ನು ಹಾಗೇ ಬರೆಯತೊಡಗಿದ. ಅಜ್ಜಿಯ ಬೆರಳು ಮತ್ತೆ ಸಾಲಿನ ಹಿಂದೆ ಹೊರಟಿತು.

"ಬಿಳೀ ಪಟ್ಟಿ ಹಾಸಿದ್ದೂ ಬರ್ಕೊ ಮಗ" ಅಂದರು.